ಕೂಡಿ ಬಾಳುವ ಮೊದಲು ಪಹಣಿಯ ಮಾತು

ಕೊಪ್ಪಳ, ಗಂಗಾವತಿ ಮತ್ತು ಹೊಸಪೇಟೆಯಲ್ಲಿ ನೆಲೆಸಿರುವ ನಾವು ಏಳೆಂಟು ಕುಟುಂಬದವರು ಯಲಬುರ್ಗಾ ತಾಲ್ಲೂಕಿನಲ್ಲಿ ಒಂದು ಮಸಾರಿ ಹೊಲವನ್ನು ಕೂಡಿ ಕೊಂಡು, ಅಲ್ಲಿಯೇ ಸಣ್ಣ ಮನೆಗಳನ್ನು ಕಟ್ಟಿಕೊಂಡು, ಒಂದೇ ಅಡುಗೆಮನೆಯಲ್ಲಿ ಉಂಡು, ಒಂದೇ ಹೊಲದಲ್ಲಿ ದುಡಿದು ಬಾಳಬೇಕೆಂಬ ವಿಚಾರದಲ್ಲಿದ್ದೇವೆ. ನಮ್ಮಲ್ಲಿ ಶಿಕ್ಷಕರಿದ್ದಾರೆ, ಬ್ಯಾಂಕಿನ ನೌಕರಿಯಿಂದ ನಿವೃತ್ತರಾದವರಿದ್ದಾರೆ, ಈಗಲೂ ರಂಟೆ ಹಿಡಿಯುವವರಿದ್ದಾರೆ. ಈ ಸುದ್ದಿ ಕೇಳಿದವರೆಲ್ಲ ಅಡುಗೆ ಯಾರು ಮಾಡುತ್ತಾರೆ, ಮಕ್ಕಳ ಶಾಲೆಯ ಗತಿ ಏನು, ಜಗಳವಾದರೆ ಬಿಡಿಸುವವರು ಯಾರು ಎಂದು ಕೇಳುತ್ತಾರೆ. ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಹೀಗೆ ಕೂಡಿ ಬಾಳಲು ಹೊರಟ ಅನೇಕ ಸಮುದಾಯಗಳ ಚರಿತ್ರೆಯನ್ನು ಓದಿಕೊಂಡ ಮೇಲೆ, ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಪಹಣಿಯಲ್ಲಿ ಯಾರ ಹೆಸರು ಇರುತ್ತದೆ ಎಂಬುದೇ ಎಂದು ನನಗೆ ಮನವರಿಕೆಯಾಗಿದೆ. ಪ್ರೀತಿ ಇದ್ದರೆ ಕಾಗದದ ಹಂಗೇಕೆ ಎಂದು ಗೆಳೆಯರೊಬ್ಬರು ಕೇಳಿದರು. ಪ್ರೀತಿ ಉಳಿಯಬೇಕಾದರೆ ಕಾಗದ ಮೊದಲು ಸರಿಯಾಗಿರಬೇಕು ಎಂಬುದು ನನ್ನ ನಿಲುವು.

ಭೂಮಿಯ ಒಡೆತನವನ್ನು ಊರಿನ ಕೈಗೆ ಕೊಡುವ ಪ್ರಯೋಗವು ನಮ್ಮ ಸೀಮೆಗೆ ಹೊರಗಿನದಲ್ಲ. 1951ರ ಏಪ್ರಿಲ್ 18ರಂದು ವಿನೋಬಾ ಭಾವೆಯವರು ತೆಲಂಗಾಣದ ಪೋಚಂಪಲ್ಲಿಗೆ ಬಂದಾಗ ಅಲ್ಲಿನ ದಲಿತ ಕುಟುಂಬಗಳು ತಮಗೆ 80 ಎಕರೆ ಭೂಮಿ ಬೇಕೆಂದು ಕೇಳಿದವು. ವೆದಿರೆ ರಾಮಚಂದ್ರ ರೆಡ್ಡಿಯವರು ತಮ್ಮ 100 ಎಕರೆಯನ್ನು ಕೊಡುವುದಾಗಿ ಅಲ್ಲಿಯೇ ಎದ್ದು ನಿಂತು ಹೇಳಿದರು. ಆ ದಿನ ಪೋಚಂಪಲ್ಲಿಯೂ ಇಂದಿನ ಕೊಪ್ಪಳ, ರಾಯಚೂರು ಜಿಲ್ಲೆಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಭೂದಾನದ ಕಥೆ ಎಲ್ಲರಿಗೂ ಗೊತ್ತು, ಅದರಲ್ಲಿ ಬಂದ ಭೂಮಿಯಲ್ಲಿ ಬಹಳಷ್ಟು ಬಂಜರಾಗಿತ್ತು, ಹಂಚಿಕೆಯಾಗದೆಯೂ ಉಳಿಯಿತು ಎಂಬುದೂ ಗೊತ್ತು. ಅದರ ಮುಂದಿನ ಹೆಜ್ಜೆಯಾದ ಗ್ರಾಮದಾನದ ಬಗ್ಗೆ ಮಾತ್ರ ನಮ್ಮಲ್ಲಿ ಮಾತು ಕಡಿಮೆ. ಗ್ರಾಮದಾನಕ್ಕೆ ಒಪ್ಪಿದ ಕುಟುಂಬವು ತನ್ನ ಭೂಮಿಯ ಇಪ್ಪತ್ತನೇ ಒಂದು ಪಾಲನ್ನು ಭೂಮಿಯಿಲ್ಲದವರಿಗೆ ಬಿಟ್ಟು, ಉಳಿದದ್ದನ್ನು ತಲೆಮಾರುಗಳವರೆಗೆ ತಾನೇ ಉಳಬಹುದು. ಒಡೆತನ ಮಾತ್ರ ಗ್ರಾಮಸಭೆಯದಾಗಿರುತ್ತದೆ, ಹೊರಗಿನವರಿಗೆ ಮಾರಲು ಬರುವುದಿಲ್ಲ. ಉಳುವ ಹಕ್ಕನ್ನೂ ಮಾರುವ ಹಕ್ಕನ್ನೂ ಬೇರೆ ಬೇರೆ ಮಾಡಿದ್ದೇ ಈ ಏರ್ಪಾಟಿನ ಜಾಣ್ಮೆ. ಎಲ್ಲ ನಿರ್ಧಾರಗಳನ್ನೂ ಬಹುಮತದಿಂದಲ್ಲದೆ ಸರ್ವಾನುಮತದಿಂದ ಮಾಡುವ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ ಎಂಬ ಗೊಂಡ ಆದಿವಾಸಿಗಳ ಊರು, ಚಳವಳಿಯ ಕಾವು ಆರಿದ ಎಷ್ಟೋ ವರ್ಷಗಳ ನಂತರ, 2013ರಲ್ಲಿ ಈ ದಾರಿಯನ್ನು ಹಿಡಿಯಿತು.

ವಿನೋಬಾ ಅವರ ಈ ಕಲ್ಪನೆ ಅಮೆರಿಕದವರೆಗೂ ಹೋಯಿತು. ನಾಗರಿಕ ಹಕ್ಕುಗಳ ಹೋರಾಟದಲ್ಲಿದ್ದ ಕಪ್ಪು ಜನರು 1969ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ 5,000 ಎಕರೆಗೂ ಮಿಕ್ಕಿದ ಭೂಮಿಯನ್ನು ಸಮುದಾಯದ ಹೆಸರಿನಲ್ಲಿ ಕೊಂಡು ನ್ಯೂ ಕಮ್ಯುನಿಟೀಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಇಂದು ಹಲವು ದೇಶಗಳಲ್ಲಿರುವ ಸಮುದಾಯ ಭೂ ಟ್ರಸ್ಟುಗಳಿಗೆಲ್ಲ ಇದೇ ಮೊದಲ ಮಾದರಿ. ಭೂಮಿ ಟ್ರಸ್ಟಿನದು, ಅದರ ಮೇಲಿನ ಮನೆ ವಾಸಿಸುವವರದು, ಬಿಟ್ಟು ಹೋಗುವವರು ಮನೆಯ ಬೆಲೆಯನ್ನಷ್ಟೇ ಪಡೆಯುತ್ತಾರೆ, ನೆಲದ ಬೆಲೆ ಏರಿದ ಲಾಭವನ್ನಲ್ಲ. ಆದರೆ ಆ ಮೂಲ ಸಂಸ್ಥೆಯ ಭೂಮಿಯೇ 1985ರಲ್ಲಿ ಕೈತಪ್ಪಿತು. ಬರಗಾಲ ಬಂತು, ಸರ್ಕಾರದ ಕೃಷಿ ಸಾಲ ಬಿಳಿಯ ರೈತರಿಗೆ ಸಿಕ್ಕಂತೆ ಇವರಿಗೆ ಸಿಗಲಿಲ್ಲ, ಅಡವಿಟ್ಟ ಭೂಮಿ ಹರಾಜಾಯಿತು. ತಮಗಾದ ತಾರತಮ್ಯಕ್ಕೆ ಪರಿಹಾರ ಮಂಜೂರಾದದ್ದು 2009ರಲ್ಲಿ. ಇದನ್ನು ಓದಿದ ಮೇಲೆ ನಮ್ಮ ಕೂಡುಬಾಳಿನ ನಿಯಮಗಳ ಕರಡಿನಲ್ಲಿ ನಾನು ಮೊದಲು ಸೇರಿಸಿದ ಸಾಲು, ಸಮುದಾಯದ ಭೂಮಿಯನ್ನು ಯಾವ ಕಾರಣಕ್ಕೂ ಅಡವಿಡತಕ್ಕದ್ದಲ್ಲ ಎಂಬುದು. ಬೆಳೆಸಾಲ ಬೇಕಾದಾಗ ಏನು ಮಾಡುವುದೆಂದು ರೈತ ಸದಸ್ಯರು ಕೇಳಿದ್ದು ನ್ಯಾಯವಾಗಿಯೇ ಇದೆ. ಅದಕ್ಕಾಗಿ ಎರಡು ಬೆಳೆಗಳ ಖರ್ಚಿನಷ್ಟು ಹಣವನ್ನು ಮೊದಲೇ ಕೂಡಿಟ್ಟುಕೊಂಡು ಹೊರಡಬೇಕು, ಅಷ್ಟು ಹಣ ಕೂಡದಿದ್ದರೆ ಕೊಳ್ಳುವ ಹೊಲವೇ ಚಿಕ್ಕದಾಗಬೇಕು ಎಂದು ನಾನು ವಾದಿಸುತ್ತಿದ್ದೇನೆ.

ಇನ್ನು ನಮ್ಮ ರಾಜ್ಯದ ಕಾನೂನಿನ ಮಾತು. ಎಲ್ಲರ ಹೆಸರನ್ನೂ ಪಹಣಿಯಲ್ಲಿ ಜಂಟಿಯಾಗಿ ಸೇರಿಸುವುದು ಸುಲಭವಾದ ದಾರಿಯಂತೆ ಕಾಣುತ್ತದೆ. ಆದರೆ ಜಂಟಿ ಮಾಲೀಕರಲ್ಲಿ ಯಾರೊಬ್ಬರು ಬೇಕಾದರೂ ಪಾಲು ಕೇಳಿ ದಾವೆ ಹೂಡಬಹುದು. ಯಾರಾದರೂ ತೀರಿಕೊಂಡರೆ ಅವರ ವಾರಸುದಾರರೆಲ್ಲರ ಹೆಸರು ಬಂದು ಸೇರುತ್ತದೆ, ಅವರಲ್ಲಿ ಅರ್ಧ ಜನ ಆ ಹೊಲವನ್ನು ಕಣ್ಣಿನಿಂದ ನೋಡಿಯೂ ಇರುವುದಿಲ್ಲ. ಆದ್ದರಿಂದ ಟ್ರಸ್ಟಿನ ಹೆಸರಿಗೆ ಭೂಮಿ ಇರಲಿ ಎಂಬ ಅಭಿಪ್ರಾಯಕ್ಕೆ ನಾವು ಬಂದಿದ್ದೇವೆ. ಭೂಸುಧಾರಣೆ ಕಾಯ್ದೆಯ 79ಬಿ ಕಲಮು ಟ್ರಸ್ಟು, ಸಂಘ, ಕಂಪನಿಗಳು ಕೃಷಿ ಜಮೀನು ಹೊಂದುವುದನ್ನು ಬಹುಕಾಲ ತಡೆದಿತ್ತು. 2020ರ ತಿದ್ದುಪಡಿ ಅದನ್ನೂ, ಕೃಷಿಕರಲ್ಲದ ಹೆಚ್ಚಿನ ವರಮಾನದವರು ಜಮೀನು ಕೊಳ್ಳದಂತೆ ತಡೆದಿದ್ದ 79ಎ ಕಲಮನ್ನೂ ತೆಗೆದುಹಾಕಿತು. ಇಲ್ಲಿ ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ. ಆ ತಿದ್ದುಪಡಿಯನ್ನು ರೈತ ಸಂಘಟನೆಗಳು ಬೀದಿಗಿಳಿದು ವಿರೋಧಿಸಿದವು, ಅವರ ವಿರೋಧವನ್ನು ನಾನು ಆಗಲೂ ಒಪ್ಪಿದ್ದೆ, ಈಗಲೂ ಒಪ್ಪುತ್ತೇನೆ. ನಮ್ಮಂಥ ಕೂಡುಬಾಳಿನ ಟ್ರಸ್ಟಿಗೆ ತೆರೆದ ಅದೇ ಬಾಗಿಲಿನಿಂದಲೇ ಎಕರೆಗಟ್ಟಲೆ ಹೊಲ ಕೊಂಡು ಬೇಲಿ ಹಾಕಿ, ಬೆಲೆ ಏರಲೆಂದು ಕಾಯುವವರೂ ಒಳಗೆ ಬರುತ್ತಾರೆ, ಅಕ್ಕಪಕ್ಕದ ಸಣ್ಣ ರೈತರ ಮಕ್ಕಳಿಗೆ ಒಂದು ಎಕರೆಯೂ ಎಟುಕದಂತಾಗುತ್ತದೆ. ಅದಕ್ಕಾಗಿಯೇ ಉಳುವವರು ತಾವಾಗಿ ಮಾರಲು ಮುಂದೆ ಬಂದ ಹೊಲವನ್ನಷ್ಟೇ ಕೊಳ್ಳಬೇಕು, ಆ ಊರಿನವರಿಗೆ ಸದಸ್ಯತ್ವದಲ್ಲಿ ಮೊದಲ ಅವಕಾಶ ಇರಬೇಕು ಎಂಬ ಷರತ್ತನ್ನು ಟ್ರಸ್ಟಿನ ಪತ್ರದಲ್ಲಿಯೇ ಬರೆಯಬೇಕೆಂದು ಹಟ ಹಿಡಿದಿದ್ದೇನೆ. ಕೃಷಿ ಜಮೀನನ್ನು ಗೇಣಿಗೆ ಕೊಡಲು ನಮ್ಮ ಕಾಯ್ದೆ ಒಪ್ಪದ ಕಾರಣ ಹೊಲವನ್ನು ಟ್ರಸ್ಟೇ ನೇರವಾಗಿ ಸಾಗುವಳಿ ಮಾಡಬೇಕು; ಕೃಷಿಯೇತರ ಬಳಕೆಗೆ ಭೂಪರಿವರ್ತನೆಯಾದ ತುಂಡಿನಲ್ಲಿ ಮಾತ್ರ ಮನೆಗಳಿಗೆ ದೀರ್ಘಾವಧಿ ಗುತ್ತಿಗೆ ಬರೆದುಕೊಡಬಹುದು. ಬೆಳೆದದ್ದನ್ನು ಮಾರುವ ಕೆಲಸಕ್ಕೆ ಬೇರೆಯದೇ ಸಹಕಾರಿ ಸಂಘ ಬೇಕು. ಅದಕ್ಕೆ ದೂರ ನೋಡಬೇಕಾಗಿಲ್ಲ, ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದರು.

ಭೂಮಿಯ ಕಾಗದ ಸರಿಯಾದರೂ ನೆಲ ಬರಡಾಗಿದ್ದರೆ ಬದುಕು ನಡೆಯದು. ಈ ವಿಷಯದಲ್ಲಿ ನನಗೆ ಪುದುಚೇರಿಯ ಬಳಿಯ ಆರೋವಿಲ್ ಎಂಬ ಕೂಡುಬಾಳಿನ ಊರಿಗಿಂತ ಆಂಧ್ರದ ಟಿಂಬಕ್ಟು ಎಂಬ ಸಮುದಾಯ ಹತ್ತಿರವೆನಿಸುತ್ತದೆ. 1968ರಲ್ಲಿ ಆರಂಭವಾದ ಆರೋವಿಲ್ ಕೊರಕಲು ಬಿದ್ದ ಕೆಂಪು ನೆಲವನ್ನು ಕಾಡಾಗಿಸಿದ್ದು ದೊಡ್ಡ ಸಾಧನೆಯೇ; ಆದರೂ ಅದರ ಹಿಂದೆ ಪ್ರಪಂಚದಾದ್ಯಂತದ ಬೆಂಬಲವಿತ್ತು. 1882ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವೇ ಆಗಿದ್ದ ಅನಂತಪುರ ಸೀಮೆಯ ಚೆನ್ನೇಕೊತ್ತಪಲ್ಲಿಯ ಬಳಿ ಬಬ್ಲು ಗಂಗೂಲಿ, ಮೇರಿ ವಟ್ಟಮಟ್ಟಂ ಮತ್ತು ಅವರ ಗೆಳೆಯರು 1990ರಲ್ಲಿ ಟಿಂಬಕ್ಟುವಿಗಾಗಿ 32 ಎಕರೆ ಬಂಜರು ಕೊಂಡಾಗ ಅಲ್ಲಿದ್ದದ್ದು ನಮ್ಮದೇ ಬಿಸಿಲು, ನಮ್ಮದಕ್ಕಿಂತಲೂ ಕಡಿಮೆ ಮಳೆ. ಅವರು ಬೆಂಕಿ ಬೀಳದಂತೆ ಕಾಯ್ದರು, ಮೇಯಿಸುವುದನ್ನು ತಡೆದರು, ಒಡ್ಡು ಹಾಕಿ ಮಳೆನೀರನ್ನು ನಿಲ್ಲಿಸಿದರು; ಬೇರು ಉಳಿದಿದ್ದ ಗಿಡಗಳು ತಾವೇ ಚಿಗುರಿದವು. ಅವರ ಕೆಲಸ ಬೇಲಿಯೊಳಗೆ ಉಳಿಯದೆ ಸುತ್ತಲಿನ ಊರುಗಳ ಮಹಿಳೆಯರ ಉಳಿತಾಯ ಸಹಕಾರ ಸಂಘಗಳಾಗಿ, ಸಾವಯವ ರೈತರ ಸಹಕಾರಿಯಾಗಿ ಬೆಳೆಯಿತು ಎಂಬುದನ್ನು ನಾನು ಅದಕ್ಕಿಂತಲೂ ಹೆಚ್ಚೆಂದು ತಿಳಿಯುತ್ತೇನೆ.

ನೀರಿನ ಲೆಕ್ಕವನ್ನು ನಾವು ಮಾಡಿಕೊಂಡಿದ್ದೇವೆ. ಕೊಪ್ಪಳ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನೂರು ಚದರ ಮೀಟರ್ ಚಾವಣಿಯ ಮೇಲೆ ಅಷ್ಟು ಮಳೆ ಬಿದ್ದರೆ 60,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 48,000 ಲೀಟರ್ ತೊಟ್ಟಿ ಸೇರುತ್ತದೆ. ಐದು ಜನರ ಕುಟುಂಬಕ್ಕೆ ಕುಡಿಯಲು, ಅಡುಗೆಗೆ ತಲೆಗೆ ಹತ್ತು ಲೀಟರಿನಂತೆ ಹಿಡಿದರೆ ವರ್ಷಕ್ಕೆ 18,250 ಲೀಟರ್ ಸಾಕು. ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಕುಡಿಯುವುದಕ್ಕೆ ಮಳೆನೀರೇ ಆಗಬೇಕು. ನಮ್ಮ ಹಿರಿಯರ ಮಾಳಿಗೆ ಮನೆ ಬೇಸಿಗೆಗೆ ತಂಪು. ಆದರೆ ಮಣ್ಣಿನ ಮಾಳಿಗೆಯ ಮೇಲೆ ಬಿದ್ದ ನೀರು ಕುಡಿಯಲು ಬಾರದ ಕಾರಣ ಅಡುಗೆಮನೆಯ ಕಟ್ಟಡಕ್ಕಾದರೂ ಗಟ್ಟಿ ಚಾವಣಿ ಹಾಕಬೇಕಾಗುತ್ತದೆ.

ದುಡಿಮೆಯ ಹಂಚಿಕೆಯೇ ಎಲ್ಲಕ್ಕಿಂತ ಹೆಚ್ಚು ಮಾತುಕತೆ ಬೇಡುವ ವಿಷಯ. ನಮ್ಮ ಕಡೆ ಮುಯ್ಯಾಳಿನ ಪದ್ಧತಿ ಇತ್ತು, ಕೆಲವೆಡೆ ಈಗಲೂ ಇದೆ: ಇಂದು ನಿಮ್ಮ ಹೊಲದ ಕಳೆಗೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು ಬರಬೇಕು, ನಡುವೆ ಹಣದ ಮಾತಿಲ್ಲ. ಇದನ್ನು ಹೊಗಳಿ ಬರೆಯುವವರು ಬಹಳ. ನಾನೂ ಅದನ್ನು ಗೌರವಿಸುತ್ತೇನೆ, ಆದರೆ ಮುಯ್ಯಾಳಿನ ಲೆಕ್ಕದಲ್ಲಿ ಸೇರುತ್ತಿದ್ದದ್ದು ಹೊಲದ ದುಡಿಮೆ ಮಾತ್ರ. ಆ ಆಳುಗಳಿಗಾಗಿ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದ ಹೆಣ್ಣುಮಗಳ ಮುಯ್ಯಿಯನ್ನು ಯಾರೂ ತೀರಿಸಲಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ 1967ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಟ್ವಿನ್ ಓಕ್ಸ್ ಎಂಬ ಸಮುದಾಯದಲ್ಲಿ ಪ್ರತಿಯೊಬ್ಬರೂ ವಾರಕ್ಕೆ 40 ಗಂಟೆಗಳ ಆಸುಪಾಸು ದುಡಿಯಬೇಕು. ಅಡುಗೆ, ಪಾತ್ರೆ ತೊಳೆಯುವುದು, ಮಕ್ಕಳನ್ನು ನೋಡಿಕೊಳ್ಳುವುದು, ಕಾರ್ಖಾನೆಯಲ್ಲಿ ದುಡಿಯುವುದು, ಲೆಕ್ಕ ಬರೆಯುವುದು, ಎಲ್ಲದರ ಒಂದು ಗಂಟೆಗೂ ಒಂದೇ ಬೆಲೆ. ಗಂಟೆಗಳನ್ನು ಬರೆದಿಡುವುದು ಸ್ನೇಹಕ್ಕೆ ಶೋಭೆಯಲ್ಲವೆಂದು ನಮ್ಮ ಗುಂಪಿನ ಕೆಲವು ಗಂಡಸರು ಹೇಳಿದರು. ಹೆಂಗಸರಲ್ಲಿ ಒಬ್ಬರೂ ಹಾಗೆ ಹೇಳಲಿಲ್ಲ.

ಕೊಪ್ಪಳದವರಿಗೆ ಕೂಡಿ ಉಣ್ಣುವುದನ್ನು ಯಾರೂ ಕಲಿಸಬೇಕಾಗಿಲ್ಲ. ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ, ಚಕ್ಕಡಿಗಳಲ್ಲಿ ಜೋಳದ ರೊಟ್ಟಿಗಳು ಬರುತ್ತವೆ, ಲಕ್ಷಾಂತರ ಜನ ಉಣ್ಣುತ್ತಾರೆ, ಯಾರೂ ಕೂಲಿ ಕೇಳುವುದಿಲ್ಲ. ಆ ಸಡಗರವನ್ನು ನೋಡಿದವರಿಗೆ ಕೂಡುಬಾಳು ಸಹಜವೆಂದೇ ತೋರುತ್ತದೆ. ಜಾತ್ರೆಯ ಭಕ್ತಿ ಕೆಲವು ದಿನಗಳದು, ನಿತ್ಯದ ಅಡುಗೆಮನೆಗೆ ಪಾಳಿ ಬೇಕು, ಪಾಳಿ ತಪ್ಪಿಸಿದವರನ್ನು ಕೇಳುವ ಅಧಿಕಾರ ಯಾರಿಗಾದರೂ ಇರಬೇಕು. ಇದೇ ಜಿಲ್ಲೆಯ ಮರಕುಂಬಿಯಲ್ಲಿ ಕ್ಷೌರದ ಅಂಗಡಿ, ಹೋಟೆಲುಗಳಿಗೆ ದಲಿತರ ಪ್ರವೇಶ ನಿರಾಕರಿಸಿದ್ದರ ಸುತ್ತ ಎದ್ದ ವಿವಾದ 2014ರಲ್ಲಿ ಅವರ ಮನೆಗಳಿಗೆ ಬೆಂಕಿ ಹಚ್ಚುವವರೆಗೆ ಹೋಯಿತು. ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಂಥ ನೆಲದಲ್ಲಿ ಒಂದೇ ಒಲೆಯ ಅಡುಗೆಯನ್ನು ಎಲ್ಲರೂ ಕೂಡಿ ಉಣ್ಣುವುದು ಖರ್ಚು ಉಳಿಸುವ ಉಪಾಯವಷ್ಟೇ ಆಗಲಾರದು. ನಾವಾಗಿ ಆರಿಸಿಕೊಂಡ ನೆರೆಹೊರೆಯಲ್ಲಿ ನಮ್ಮ ನಮ್ಮ ಜಾತಿಯವರೇ ತುಂಬಿದರೆ ಅದು ಇನ್ನೊಂದು ಓಣಿಯಾಗುತ್ತದೆ, ಅದಕ್ಕಾಗಿ ಊರು ಬಿಟ್ಟು ಹೊಲಕ್ಕೆ ಹೋಗುವ ಕಾರಣವೇ ನನಗೆ ಕಾಣದು. ಹಣ ಹಾಕಲಾಗದ ಕೂಲಿಕಾರ ಕುಟುಂಬಗಳೂ ಸಮಾನ ಮತದ ಸದಸ್ಯರಾಗುವಂತೆ ಪ್ರವೇಶದ ಹಣವನ್ನು ದುಡಿಮೆಯ ಗಂಟೆಗಳಲ್ಲಿ ತೀರಿಸುವ ಅವಕಾಶವನ್ನು ಕರಡಿನಲ್ಲಿ ಇಟ್ಟಿದ್ದೇವೆ.

ಬಿಟ್ಟು ಹೋಗುವವರ ಕಲಮಿನ ಮೇಲೆ ಚರ್ಚೆ ಇನ್ನೂ ಮುಗಿದಿಲ್ಲ. ಹಾಕಿದ ಹಣವನ್ನು ಒಮ್ಮೆಲೇ ಮರಳಿಸಿದರೆ ಉಳಿದವರು ಮುಳುಗುತ್ತಾರೆ, ಕೊಡದೇ ಇದ್ದರೆ ಹೋಗಬಯಸುವವರು ಒಲ್ಲದ ಮನಸ್ಸಿನಿಂದ ಉಳಿದು ಎಲ್ಲರಿಗೂ ಭಾರವಾಗುತ್ತಾರೆ. ಐದು ವರ್ಷಗಳ ಕಂತಿನಲ್ಲಿ, ಬಡ್ಡಿಯಿಲ್ಲದೆ, ಮನೆಯ ಬೆಲೆಯನ್ನಷ್ಟೇ ಮರಳಿಸುವುದೆಂದು ಸದ್ಯಕ್ಕೆ ಬರೆದಿದ್ದೇವೆ. ಮಕ್ಕಳ ವಿಷಯ ಇದಕ್ಕಿಂತಲೂ ಕಠಿಣ. ಇಸ್ರೇಲಿನಲ್ಲಿ ಕಿಬ್ಬುತ್ಸ್ ಎನ್ನುವ ಕೂಡುಬಾಳಿನ ಊರುಗಳಲ್ಲಿ ಮೊದಲನೆಯದಾದ ಡೆಗಾನಿಯಾ 1910ರಲ್ಲಿ ಹುಟ್ಟಿತು, ಎಲ್ಲರ ಗಳಿಕೆಯನ್ನೂ ಒಂದೇ ಗಂಟಿಗೆ ಸೇರಿಸಿ ಸಮನಾಗಿ ಹಂಚುವ ಪದ್ಧತಿಯನ್ನು 2007ರಲ್ಲಿ ಕೈಬಿಟ್ಟಿತು. ಕಿಬ್ಬುತ್ಸ್‌ಗಳಲ್ಲಿ ಮಕ್ಕಳನ್ನು ತಂದೆತಾಯಿಯರಿಂದ ಬೇರೆಯಾಗಿ ಮಕ್ಕಳ ಮನೆಯಲ್ಲಿ ಮಲಗಿಸುವ ರೂಢಿ ಅದಕ್ಕೂ ಮೊದಲೇ ನಿಂತುಹೋಗಿತ್ತು. ಕಟ್ಟಿದವರ ಆಸೆಯನ್ನು ಹುಟ್ಟಿದವರು ಹೊರಬೇಕೆಂಬ ನಿಯಮ ಎಲ್ಲಿಯೂ ನಿಂತಿಲ್ಲ. ಆದ್ದರಿಂದ ಸದಸ್ಯತ್ವ ವಾರಸಿನಿಂದ ಬರತಕ್ಕದ್ದಲ್ಲ, ಹದಿನೆಂಟು ತುಂಬಿದ ಮೇಲೆ ಅವರೇ ಅರ್ಜಿ ಹಾಕಿ ಸೇರಬೇಕು, ಸೇರದಿದ್ದರೂ ತಂದೆತಾಯಿಯರ ಮನೆಯಲ್ಲಿ ಬಂದು ಇರಲು ಅಡ್ಡಿಯಿರಬಾರದು ಎಂದು ನಾನು ಸೂಚಿಸಿದ್ದೇನೆ. ಹಾಗಾದರೆ ನಮ್ಮ ಜೀವಮಾನದ ಗಳಿಕೆಯಲ್ಲಿ ನಮ್ಮ ಮಕ್ಕಳಿಗೆ ಉಳಿಯುವುದೇನು ಎಂದು ಎರಡು ಕುಟುಂಬಗಳು ಕೇಳಿವೆ, ಅವರ ಪ್ರಶ್ನೆಗೆ ಒಪ್ಪುವಂಥ ಉತ್ತರ ಸಿಗುವವರೆಗೆ ಹೊಲಕ್ಕೆ ಮುಂಗಡ ಕೊಡುವುದನ್ನು ತಡೆಹಿಡಿದಿದ್ದೇವೆ. ಮುಂದಿನ ಸಭೆಗೆ ಪ್ರೌಢಶಾಲೆ, ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳನ್ನೂ ಕರೆದಿದ್ದೇವೆ. ಆ ಒಂದು ಕಲಮಿನ ಕರಡನ್ನು ಅವರೇ ಬರೆದು ತರುತ್ತಾರೆ.