ಹದಿನಾರು ಕೆಬಿ ಚಿಪ್ಪಿಗಾಗಿ ಮನೆಯಲ್ಲೇ ಕಟ್ಟಿದ ಕಂಪೈಲರ್

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮ ಅಡಿಕೆ ತೋಟದ ಅಂಚಿನಲ್ಲಿ ನಾನೇ ಮಾಡಿದ ಒಂದು ಮಳೆಮಾಪಕವಿದೆ. ಆಲಿಕೆಯಿಂದ ಇಳಿದ ನೀರು ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಲ್ಲಿ ಒಂದನ್ನು ತುಂಬುತ್ತದೆ; 0.2 ಮಿಲಿಮೀಟರ್ ಮಳೆಯಷ್ಟು ನೀರು ಸೇರಿದೊಡನೆ ಬಟ್ಟಲು ವಾಲುತ್ತದೆ, ಅದಕ್ಕೆ ಅಂಟಿಸಿದ ಅಯಸ್ಕಾಂತ ರೀಡ್ ಸ್ವಿಚ್ಚಿನ (ಅಯಸ್ಕಾಂತ ಬಳಿ ಬಂದಾಗ ಮುಚ್ಚಿಕೊಳ್ಳುವ ಸ್ವಿಚ್ಚು) ಮುಂದೆ ಹಾದುಹೋಗುತ್ತದೆ. ಆ ಎಣಿಕೆಯನ್ನು ಇಟ್ಟುಕೊಳ್ಳುವುದು ಎಸ್‌ಟಿಎಂ32ಎಫ್030ಎಫ್4 ಎಂಬ ಚಿಪ್: 20 ಕಾಲು, ಪ್ರೋಗ್ರಾಂ ಇಡಲು 16 ಕೆಬಿ ಫ್ಲ್ಯಾಶ್, 4 ಕೆಬಿ ರ್‍ಯಾಮ್, ಒಳಗೆ ಆರ್ಮ್ ಕಂಪನಿಯ ಕಾರ್ಟೆಕ್ಸ್-ಎಂ0 ಪ್ರೊಸೆಸರ್. ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಸುವ ದಿನವನ್ನು ಅಪ್ಪಯ್ಯ ಮಳೆಯ ಅಂದಾಜಿನ ಮೇಲೆಯೇ ಗೊತ್ತುಮಾಡುವುದರಿಂದ ಈ ಎಣಿಕೆ ನಮ್ಮ ಮನೆಯಲ್ಲಿ ಆಟದ ವಿಷಯವಲ್ಲ.

ನಾವು ಬರೆದ ಪ್ರೋಗ್ರಾಮನ್ನು ಚಿಪ್ಪು ಅರಿಯುವ ಭಾಷೆಗೆ ಇಳಿಸುವುದು ಕಂಪೈಲರ್; ಲ್ಯಾಪ್‌ಟಾಪಿನಲ್ಲಿ ಓಡುತ್ತ ಬೇರೊಂದು ಬಗೆಯ ಚಿಪ್ಪಿಗಾಗಿ ಈ ಕೆಲಸ ಮಾಡುವುದು ಕ್ರಾಸ್ ಕಂಪೈಲರ್. ಈ ಚಿಪ್ಪಿಗೆ ಬೇಕಾದದ್ದು ಸಿದ್ಧರೂಪದಲ್ಲಿ ಸಿಗುತ್ತದೆ. ಆರ್ಮ್ ಕಂಪನಿಯೇ ಕೊಡುತ್ತದೆ, ಲಿನಕ್ಸಿನ ಪ್ಯಾಕೇಜುಗಳಲ್ಲೂ ಇದೆ, ನಾನೂ ಎರಡು ವರ್ಷ ಅದನ್ನೇ ಬಳಸಿದೆ. ಒಮ್ಮೆ ಲ್ಯಾಪ್‌ಟಾಪಿನ ಲಿನಕ್ಸನ್ನು ಅಪ್‌ಗ್ರೇಡ್ ಮಾಡಿದಾಗ ಕಂಪೈಲರೂ ಅದರ ಜೊತೆಗಿನ ಲೈಬ್ರರಿಯೂ (ಸಿದ್ಧ ಫಂಕ್ಷನ್‌ಗಳ ಸಂಗ್ರಹ) ಹೊಸದಾದವು. ಒಂದು ಸಾಲನ್ನೂ ಬದಲಿಸದ ನನ್ನ ಪ್ರೋಗ್ರಾಂ ಅದುವರೆಗೆ 16 ಕೆಬಿಯೊಳಗೆ ಹೇಗೋ ಹಿಡಿದಿದ್ದುದು, ಅಂದಿನಿಂದ ಹಿಡಿಯಲಿಲ್ಲ. ತೋಟದಲ್ಲಿ ಹತ್ತು ವರ್ಷ ನಿಲ್ಲಬೇಕಾದ ಸಾಧನಕ್ಕೆ ಹತ್ತು ವರ್ಷ ಬದಲಾಗದ ಕಂಪೈಲರ್ ಬೇಕು, ಚಿಪ್ಪಿನೊಳಗೆ ಹೋಗುವ ಪ್ರತಿಯೊಂದು ಬೈಟ್ ಎಲ್ಲಿಂದ ಬಂತೆಂದು ನನಗೆ ಗೊತ್ತಿರಬೇಕು ಎಂದು ಆಗ ನಿಶ್ಚಯಿಸಿ, ಎಲ್ಲವನ್ನೂ ಸೋರ್ಸ್‌ನಿಂದಲೇ ಅಂದರೆ ಮೂಲ ಕೋಡಿನಿಂದಲೇ ಕಟ್ಟಲು ಕುಳಿತೆ.

ಟೂಲ್‌ಚೈನ್ ಎಂದರೆ ಕಂಪೈಲರ್ ಒಂದೇ ಅಲ್ಲ, ಪ್ರೋಗ್ರಾಂ ಕಟ್ಟುವ ಉಪಕರಣಗಳ ಇಡೀ ಸರಣಿ. ಅಸೆಂಬ್ಲಿಯನ್ನು ಯಂತ್ರಸಂಕೇತವಾಗಿಸುವ ಅಸೆಂಬ್ಲರ್ ಮತ್ತು ಕಂಪೈಲ್ ಆದ ತುಂಡುಗಳನ್ನು ಒಂದಾಗಿ ಹೊಲಿಯುವ ಲಿಂಕರ್ ಇರುವುದು ಬಿನ್‌ಯುಟಿಲ್ಸ್‌ನಲ್ಲಿ. ಸಿ ಭಾಷೆಯನ್ನು ಅಸೆಂಬ್ಲಿಗೆ ಇಳಿಸುವುದು ಜಿಸಿಸಿ ಎಂಬ ಕಂಪೈಲರ್. ಪ್ರಿಂಟ್‌ಎಫ್, ಮೆಮ್‌ಕಾಪಿ ಮುಂತಾದ ಸಿದ್ಧ ಫಂಕ್ಷನ್‌ಗಳು ಬರುವುದು ನ್ಯೂಲಿಬ್ ಎಂಬ ಸಿ ಲೈಬ್ರರಿಯಿಂದ. ದೋಷ ಹುಡುಕಲು ಜಿಡಿಬಿ. ಜಿಸಿಸಿಯನ್ನು ಕಟ್ಟಲು ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಮೂರು ಗಣಿತ ಲೈಬ್ರರಿಗಳೂ ಬೇಕಾಗುತ್ತವೆ, ಆದರೆ ಅವನ್ನು ತರಿಸಿಕೊಳ್ಳುವ ಸ್ಕ್ರಿಪ್ಟ್ ಜಿಸಿಸಿಯ ಸೋರ್ಸಿನೊಳಗೇ ಇದೆ. ಇವುಗಳನ್ನು ಕಟ್ಟುವ ಕ್ರಮದಲ್ಲಿ ಒಂದು ತೊಡಕಿದೆ. ಸಿ ಲೈಬ್ರರಿ ಇಲ್ಲದೆ ಜಿಸಿಸಿ ಪೂರ್ಣವಾಗುವುದಿಲ್ಲ. ಜಿಸಿಸಿ ಇಲ್ಲದೆ ಸಿ ಲೈಬ್ರರಿಯನ್ನು ಕಂಪೈಲ್ ಮಾಡಲಾಗದು. ಮೊಸರಾಗಲು ಹೆಪ್ಪಿಗೆ ಮೊಸರೇ ಬೇಕೆಂಬ ಹಾಗೆ. ಆದ್ದರಿಂದ ಮೊದಲು ಬಿನ್‌ಯುಟಿಲ್ಸ್, ಆಮೇಲೆ ಲೈಬ್ರರಿಯಲ್ಲಿ ಏನೇನಿದೆಯೆಂದು ಹೇಳುವ ಹೆಡರ್ ಫೈಲುಗಳನ್ನು ಬೇಡದ, ಸಿ ಭಾಷೆಯೊಂದನ್ನೇ ಬಲ್ಲ ಅರೆ ಜಿಸಿಸಿ, ಅದರಿಂದ ನ್ಯೂಲಿಬ್, ಕೊನೆಗೆ ನ್ಯೂಲಿಬ್‌ನ ಆಸರೆಯಲ್ಲಿ ಪೂರ್ಣ ಜಿಸಿಸಿ ಎಂಬ ಕ್ರಮ ರೂಢಿಗೆ ಬಂದಿದೆ. ಆ ಅರೆ ಜಿಸಿಸಿಯೇ ಇಲ್ಲಿ ಹೆಪ್ಪು.

ಬಿನ್‌ಯುಟಿಲ್ಸ್, ಜಿಸಿಸಿ, ನ್ಯೂಲಿಬ್, ಜಿಡಿಬಿ ನಾಲ್ಕಕ್ಕೂ ಒಂದೇ ಟಾರ್ಗೆಟ್ ಹೆಸರು ಕೊಡಬೇಕು: ಆರ್ಮ್-ನನ್-ಇಎಬಿಐ. ಆಪರೇಟಿಂಗ್ ಸಿಸ್ಟಂ ಇಲ್ಲದ ಆರ್ಮ್ ಚಿಪ್ಪುಗಳಿಗೆ ಬಳಸುವ ಹೆಸರಿದು. ನಾಲ್ಕನ್ನೂ ಒಂದೇ ಫೋಲ್ಡರಿಗೆ ಇನ್‌ಸ್ಟಾಲ್ ಮಾಡಿ, ಬಿನ್‌ಯುಟಿಲ್ಸ್ ಮುಗಿದ ಕೂಡಲೇ ಆ ಫೋಲ್ಡರಿನ ಬಿನ್ ವಿಭಾಗವನ್ನು, ಪ್ರೋಗ್ರಾಂಗಳನ್ನು ಹುಡುಕುವ ಜಾಗಗಳ ಪಟ್ಟಿಯಾದ ಪಾತ್‌ಗೆ ಸೇರಿಸಬೇಕು, ಏಕೆಂದರೆ ಮುಂದಿನ ಹಂತಗಳು ಹೊಸ ಅಸೆಂಬ್ಲರನ್ನು ಹುಡುಕುವುದು ಅಲ್ಲಿಯೇ. ನಾನು ಮೊದಲು ಆ ಫೋಲ್ಡರನ್ನು ಸಿಸ್ಟಂ ಜಾಗದಲ್ಲಿಟ್ಟು ಸುಡೋ ಹಾಕಿ, ಅಂದರೆ ನಿರ್ವಾಹಕನ ಅಧಿಕಾರದಲ್ಲಿ, ಇನ್‌ಸ್ಟಾಲ್ ಮಾಡಹೊರಟೆ. ನ್ಯೂಲಿಬ್ ಕಂಪೈಲ್ ಆಗಿ ಮುಗಿದಿದ್ದರೂ ಇನ್‌ಸ್ಟಾಲ್ ಹೊತ್ತಿಗೆ ಬಿನ್‌ಯುಟಿಲ್ಸ್‌ನಲ್ಲಿ ಬಂದ ರ್‍ಯಾನ್‌ಲಿಬ್ ಕಾಣುವುದಿಲ್ಲವೆಂದು ನಿಂತುಬಿಟ್ಟಿತು. ಕಣ್ಣೆದುರಿಗೇ ಇರುವ ಪ್ರೋಗ್ರಾಂ ಅದಕ್ಕೇಕೆ ಕಾಣುವುದಿಲ್ಲವೆಂದು ಒಂದು ಸಂಜೆಯೆಲ್ಲ ತಲೆಕೆಡಿಸಿಕೊಂಡೆ: ಸುಡೋ ನನ್ನ ಪಾತನ್ನು ಬಿಟ್ಟು ತನ್ನದೇ ಪಾತನ್ನು ಹಿಡಿಯುತ್ತದೆ. ಫೋಲ್ಡರನ್ನು ನನ್ನ ಹೋಮ್ ಡೈರೆಕ್ಟರಿಗೆ ಬದಲಿಸಿದ ಮೇಲೆ ಸುಡೋವಿನ ಅಗತ್ಯವೇ ಉಳಿಯಲಿಲ್ಲ.

ಸೋರ್ಸ್ ಇರುವ ಫೋಲ್ಡರಿನೊಳಗೆ ಬಿಲ್ಡ್ ಮಾಡಬಾರದು, ಬೇರೆಯೇ ಫೋಲ್ಡರ್ ಬೇಕು ಎಂದು ಜಿಸಿಸಿಯ ಕೈಪಿಡಿ ಹೇಳುತ್ತದೆ. ಅದರ ಬೆಲೆ ನನಗೆ ತಿಳಿದದ್ದು ಆಷಾಢದ ಒಂದು ರಾತ್ರಿ. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು, ಬ್ಯಾಟರಿ ಸತ್ತಿದ್ದ ಲ್ಯಾಪ್‌ಟಾಪ್ ಅದರೊಡನೆಯೇ ಆರಿತು. ಮಾರನೆಯ ಮಧ್ಯಾಹ್ನ ಕರೆಂಟು ಬಂದಾಗ ಬಿಲ್ಡ್ ನಡೆಸುವ ಮೇಕ್ ಎಂಬ ಪ್ರೋಗ್ರಾಂ ಬಿಟ್ಟಲ್ಲಿಂದಲೇ ಮುಂದುವರಿಯಿತು, ಆದರೆ ಬರೆಯುತ್ತಿದ್ದಾಗಲೇ ತುಂಡಾದ ಒಂದು ಆಬ್ಜೆಕ್ಟ್ ಫೈಲ್ (ಕಂಪೈಲ್ ಆದ ತುಂಡು) ಸೊನ್ನೆ ಬೈಟಿನದಾಗಿ ಉಳಿದಿತ್ತು. ಫೈಲು ಇದೆಯಲ್ಲ ಎಂದು ಮೇಕ್ ಅದನ್ನು ದಾಟಿಹೋಯಿತು, ಬಹಳ ಹೊತ್ತಿನ ಮೇಲೆ ಲಿಂಕರ್ ಅದರ ಗುರುತು ಸಿಗದೆ ನಿಂತಿತು. ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಮೊದಲಿನಿಂದ ಆರಂಭಿಸಿದೆ. ಸೋರ್ಸಿಗೆ ಏನೂ ಆಗಿರಲಿಲ್ಲ.

ಇವೆಲ್ಲ ಸಣ್ಣ ಕಷ್ಟಗಳು. ನಿಜವಾದ ಪಾಠವಾದದ್ದು ಎಲ್ಲವೂ ಮುಗಿಯಿತೆಂದುಕೊಂಡ ಮೇಲೆ. ಹೊಸ ಕಂಪೈಲರ್ ನನ್ನ ಪ್ರೋಗ್ರಾಮನ್ನು ಯಾವ ಎಚ್ಚರಿಕೆಯೂ ಇಲ್ಲದೆ ಕಂಪೈಲ್ ಮಾಡಿತು, ಲಿಂಕರ್ ಕೂಡ ತಕರಾರು ತೆಗೆಯಲಿಲ್ಲ, ಗಾತ್ರ 16 ಕೆಬಿಯೊಳಗೆ ಬಂತು. ಚಿಪ್ಪಿಗೆ ಇಳಿಸಿದಾಗ ಎಲ್‌ಇಡಿ ಮಿನುಗಿತು, ಬಟ್ಟಲು ವಾಲಿದಂತೆಲ್ಲ ಎಣಿಕೆಯೂ ಏರಿತು. ಆದರೆ ಗಂಟೆಗೆ ಸರಾಸರಿ ಎಷ್ಟು ಮಳೆಯೆಂದು ಲೆಕ್ಕ ಹಾಕುವ ಹೊತ್ತು ಬಂದೊಡನೆ ಎಲ್‌ಇಡಿ ನಿಂತುಹೋಯಿತು. ಮರುಚಾಲನೆ ಮಾಡಿದರೂ ಅದೇ ಜಾಗದಲ್ಲಿ ಅದೇ ಮೌನ. ಜಿಡಿಬಿ ಹಚ್ಚಿ ನೋಡಿದರೆ ಪ್ರೊಸೆಸರ್ ಮುಂದುವರಿಯಲಾಗದ ದೋಷದ ಸ್ಥಿತಿಯಾದ ಹಾರ್ಡ್‌ಫಾಲ್ಟ್‌ನಲ್ಲಿತ್ತು, ಸ್ಟ್ಯಾಕ್‌ನಲ್ಲಿ ಉಳಿದಿದ್ದ ವಿಳಾಸ ಒಟ್ಟು ಮಳೆಯನ್ನು ಗಂಟೆಗಳಿಂದ ಭಾಗಿಸುವ ಸಾಲನ್ನೇ ತೋರಿಸುತ್ತಿತ್ತು. ಭಾಜಕ ಸೊನ್ನೆಯಾಗಿರಲಿಲ್ಲ, ಅದನ್ನು ಮೊದಲೇ ಪರೀಕ್ಷಿಸಿದ್ದೆ.

ಕಾರ್ಟೆಕ್ಸ್-ಎಂ0ಗೆ ಭಾಗಾಕಾರದ ಇನ್‌ಸ್ಟ್ರಕ್ಷನ್ ಇಲ್ಲ. ಸಿ ಭಾಷೆಯಲ್ಲಿ ಭಾಗಾಕಾರದ ಗುರುತು ಹಾಕಿದರೆ ಕಂಪೈಲರ್ ಆ ಜಾಗದಲ್ಲಿ ಲಿಬ್‌ಜಿಸಿಸಿ ಎಂಬ ತನ್ನದೇ ಪುಟ್ಟ ಲೈಬ್ರರಿಯ ಭಾಗಾಕಾರದ ಫಂಕ್ಷನ್‌ಗೆ ಕರೆ ಹಾಕುತ್ತದೆ. ಆ ಫಂಕ್ಷನನ್ನು, ಯಂತ್ರಸಂಕೇತಗಳನ್ನು ಸಾಲುಸಾಲಾಗಿ ತೋರಿಸುವ ಆಬ್ಜ್‌ಡಂಪ್‌ನಲ್ಲಿ ಬಿಡಿಸಿ ನೋಡಿದೆ. ನಾನು ಬರೆದ ಭಾಗದಲ್ಲಿ ಎಡಗಡೆಯ ಅಂಕಣದ ತುಂಬ ನಾಲ್ಕು ಅಂಕಿಗಳ (ಹದಿನಾರರ ಪದ್ಧತಿಯಲ್ಲಿ ಎಯಿಂದ ಎಫ್‌ವರೆಗಿನ ಅಕ್ಷರಗಳೂ ಅಂಕಿಗಳೇ) ಸಂಕೇತಗಳಿದ್ದರೆ, ಇಲ್ಲಿ ಎಂಟೆಂಟು ಅಂಕಿಗಳಿದ್ದವು, ಅದರಲ್ಲೂ ಬಹುಪಾಲು ಇ ಅಕ್ಷರದಿಂದ ಆರಂಭವಾಗುತ್ತಿದ್ದವು: ಮೊದಲ ಸಾಲೇ ಇ2512001. ಹೀಗೆ ಇ ಮುಂದಿಟ್ಟುಕೊಂಡು ಸಾಲಾಗಿ ನಿಲ್ಲುವುದು ಹಳೆಯ ಆರ್ಮ್ ಇನ್‌ಸ್ಟ್ರಕ್ಷನ್‌ಗಳ ಲಕ್ಷಣ, ಏಕೆಂದರೆ ಅವುಗಳ ಮೇಲಿನ ನಾಲ್ಕು ಬಿಟ್‌ಗಳು ಷರತ್ತನ್ನು ಹೇಳುತ್ತವೆ, ಇ ಎಂದರೆ ಷರತ್ತಿಲ್ಲದೆ ನಡೆಸು ಎಂದರ್ಥ. ಕಾರ್ಟೆಕ್ಸ್-ಎಂ ಸರಣಿಯ ಯಾವ ಪ್ರೊಸೆಸರಿಗೂ ಆ ಭಾಷೆ ಬರುವುದಿಲ್ಲ. ಅವು ಥಂಬ್ ಎಂಬ, ಚಿಕ್ಕ ಸಂಕೇತಗಳ ಇನ್ನೊಂದು ಭಾಷೆಯನ್ನಷ್ಟೇ ಬಲ್ಲವು. ನನ್ನ ಕೋಡು ಥಂಬ್‌ನಲ್ಲಿತ್ತು, ಲೈಬ್ರರಿ ಆರ್ಮ್‌ನಲ್ಲಿತ್ತು, ಎರಡನ್ನೂ ಲಿಂಕರ್ ಸದ್ದಿಲ್ಲದೆ ಹೊಲಿದುಬಿಟ್ಟಿತ್ತು.

ತಪ್ಪು ನನ್ನದೇ. ಜಿಸಿಸಿಯನ್ನು ಕಾನ್ಫಿಗರ್ ಮಾಡುವಾಗ ಸಮಯ ಉಳಿಯಲೆಂದು ಡಿಸೇಬಲ್-ಮಲ್ಟಿಲಿಬ್ ಆಯ್ಕೆಯನ್ನು ಹಾಕಿದ್ದೆ. ಮಲ್ಟಿಲಿಬ್ ಎಂದರೆ ಒಂದೇ ಲೈಬ್ರರಿಯನ್ನು ಬೇರೆಬೇರೆ ಪ್ರೊಸೆಸರುಗಳಿಗಾಗಿ ಹಲವು ಪ್ರತಿಗಳಲ್ಲಿ ಕಟ್ಟಿಡುವುದು. ಅದನ್ನು ಬೇಡವೆಂದರೆ ಒಂದೇ ಪ್ರತಿ ಕಟ್ಟಲ್ಪಡುತ್ತದೆ, ಯಾವ ಪ್ರೊಸೆಸರಿಗೆಂದು ಹೇಳದಿದ್ದರೆ ಆ ಪ್ರತಿ ಎಆರ್‌ಎಂ7ಟಿಡಿಎಂಐ ಕಾಲದ ಹಳೆಯ ಆರ್ಮ್‌ಗೆ ಹೊಂದುವಂಥದ್ದಾಗಿರುತ್ತದೆ. ಪ್ರೋಗ್ರಾಂ ಕಂಪೈಲ್ ಮಾಡುವಾಗ ಚಿಪ್ಪಿನ ಹೆಸರನ್ನು ಸರಿಯಾಗಿಯೇ ಕೊಟ್ಟಿದ್ದೆ; ಆದರೆ ಎಂದೋ ಕಟ್ಟಿಟ್ಟ ಲೈಬ್ರರಿ ಅದರಿಂದ ಬದಲಾಗುವುದಿಲ್ಲ. ಪ್ರಿಂಟ್-ಮಲ್ಟಿ-ಲಿಬ್ ಎಂಬ ಆಯ್ಕೆಯೊಡನೆ ಜಿಸಿಸಿಯನ್ನು ಕೇಳಿದರೆ ತನ್ನ ಬಳಿ ಯಾವ ಯಾವ ಪ್ರತಿಗಳಿವೆಯೆಂದು ಅದೇ ಹೇಳುತ್ತದೆ. ನನ್ನದು ಒಂದು ಚುಕ್ಕಿ ಮತ್ತು ಒಂದು ಅರ್ಧವಿರಾಮವನ್ನಷ್ಟೇ ತೋರಿಸಿತು. ಹೊಸದಾಗಿ ಟೂಲ್‌ಚೈನ್ ಕಟ್ಟಿದವರು ಬೇರೆಲ್ಲಕ್ಕಿಂತ ಮೊದಲು ಈ ಪ್ರಶ್ನೆಯನ್ನು ಕೇಳಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಇದಕ್ಕೆ ಎರಡು ಪರಿಹಾರಗಳಿವೆ. ಮಲ್ಟಿಲಿಬ್ ಪಟ್ಟಿಯಲ್ಲಿ ಆರ್‌ಎಂ-ಪ್ರೊಫೈಲ್ ಎಂದು ಕೊಟ್ಟರೆ ಕಾರ್ಟೆಕ್ಸ್-ಎಂ ಮತ್ತು ಕಾರ್ಟೆಕ್ಸ್-ಆರ್ ಬಗೆಗಳೆಲ್ಲಕ್ಕೂ ಪ್ರತಿಗಳು ಸಿದ್ಧವಾಗುತ್ತವೆ. ಹಲವು ಚಿಪ್ಪುಗಳೊಡನೆ ಕೆಲಸ ಮಾಡುವವರಿಗೆ ಅದೇ ಸರಿ, ಕಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ ಅಷ್ಟೆ. ನನಗಿರುವುದು ಒಂದೇ ಚಿಪ್. ಆದ್ದರಿಂದ ಮಲ್ಟಿಲಿಬ್ ಬೇಡವೆಂಬ ಆಯ್ಕೆಯನ್ನು ಹಾಗೆಯೇ ಇಟ್ಟು, ಡೀಫಾಲ್ಟ್ ಸಿಪಿಯು ಕಾರ್ಟೆಕ್ಸ್-ಎಂ0, ಮೋಡ್ ಥಂಬ್, ಫ್ಲೋಟ್ ಸಾಫ್ಟ್ (ದಶಮಾಂಶದ ಲೆಕ್ಕ ಸಾಫ್ಟ್‌ವೇರಿನಲ್ಲಿ) ಎಂದು ಕಾನ್ಫಿಗರ್ ಹಂತದಲ್ಲೇ ಬರೆದೆ. ಅರೆ ಜಿಸಿಸಿಯಿಂದ ಹಿಡಿದು ಎಲ್ಲವನ್ನೂ ಮತ್ತೆ ಕಟ್ಟಿದೆ, ಏಕೆಂದರೆ ನ್ಯೂಲಿಬ್ ಕೂಡ ಅದೇ ತಪ್ಪು ಭಾಷೆಯಲ್ಲಿ ಕಟ್ಟಲ್ಪಟ್ಟಿತ್ತು. ಭಾಗಾಕಾರದ ಫಂಕ್ಷನನ್ನು ಮತ್ತೆ ಬಿಡಿಸಿ ನೋಡಿದಾಗ ಎಡ ಅಂಕಣ ಮೇಲಿನಿಂದ ಕೆಳಗಿನವರೆಗೆ ನಾಲ್ಕು ಅಂಕಿಗಳಿಗೆ ಇಳಿದಿತ್ತು. ಆ ಸಾಲುಗಳನ್ನು ಕಂಡಾಗ ಆದ ಸಂತೋಷ ದೊಡ್ಡದು.

ನ್ಯೂಲಿಬ್ ಕಟ್ಟುವಾಗ ಅದರ ನ್ಯಾನೋ ಆಯ್ಕೆಗಳನ್ನು ಹಾಕಿ, ಗಾತ್ರ ಚಿಕ್ಕದಿರಲೆಂದು ಹೇಳಿದ್ದೆ. ಆ ರೂಪದಲ್ಲಿ ಪ್ರಿಂಟ್‌ಎಫ್‌ಗೆ ದಶಮಾಂಶ ಸಂಖ್ಯೆಯನ್ನು ಬರೆಯುವ ಭಾಗ ತಾನಾಗಿ ಸೇರುವುದಿಲ್ಲ, ಕೇಳಿ ಸೇರಿಸಿಕೊಳ್ಳಬೇಕು. ನಾನು ಕೇಳಲಿಲ್ಲ, ಮಳೆಯನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಪೂರ್ಣಾಂಕವಾಗಿಯೇ ಇಟ್ಟುಕೊಂಡೆ.

ಆಲಿಕೆಯ ಬಾಯಿಯ ವ್ಯಾಸ 20 ಸೆಂಟಿಮೀಟರ್, ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್, ಹಾಗಾಗಿ 0.2 ಮಿಲಿಮೀಟರ್ ಮಳೆಗೆ ಒಂದು ಬಟ್ಟಲು 6.28 ಮಿಲಿಲೀಟರ್ ಹಿಡಿಯಬೇಕು. ಜಗಲಿಯ ಮೇಲೆ ಕುಳಿತು 628 ಮಿಲಿಲೀಟರ್ ನೀರನ್ನು ಅರ್ಧ ಗಂಟೆಯಲ್ಲಿ ಸಣ್ಣಗೆ ಸುರಿದೆ. ಮೊದಲ ಸಲ ಬಟ್ಟಲು 97 ಸಲ ವಾಲಿತು. ತಿರುಪನ್ನು ಸ್ವಲ್ಪ ಸ್ವಲ್ಪವೇ ಸರಿಪಡಿಸಿ ಇನ್ನೆರಡು ಸಲ ಸುರಿದ ಮೇಲೆ ಸರಿಯಾಗಿ ನೂರಾಯಿತು, ಪರದೆಯ ಮೇಲೆ ಗಂಟೆಗೆ 40.0 ಮಿಲಿಮೀಟರ್ ಎಂದು ಬಂತು, ಎಲ್‌ಇಡಿ ನಿಲ್ಲಲಿಲ್ಲ.

ಸೋರ್ಸಿನ ಪ್ಯಾಕುಗಳನ್ನೂ ನಾನು ಕೊಟ್ಟ ಆಯ್ಕೆಗಳನ್ನೆಲ್ಲ ಬರೆದ ಸ್ಕ್ರಿಪ್ಟನ್ನೂ ಎರಡು ಪೆನ್‌ಡ್ರೈವ್‌ಗಳಲ್ಲಿ ಹಾಕಿ, ಒಂದನ್ನು ಶಿವಮೊಗ್ಗದಲ್ಲಿರುವ ಅಕ್ಕನ ಮನೆಯಲ್ಲಿ ಇಟ್ಟುಬಂದಿದ್ದೇನೆ. ಅಪ್ಪಯ್ಯನಿಗೆ ಮಿಲಿಮೀಟರ್ ರುಚಿಸದು, ಅವರ ಮಳೆ ಇಂದಿಗೂ ಇಂಚಿನಲ್ಲೇ ಬೀಳುತ್ತದೆ. ಇಂಚಿಗೆ 25.4 ಮಿಲಿಮೀಟರ್ ಆದ್ದರಿಂದ ಅವರಿಗಾಗಿ 254ರಿಂದ ಭಾಗಿಸುವ ಇನ್ನೊಂದು ಸಾಲನ್ನು ಸೇರಿಸಿದೆ. ಸಾಧನವನ್ನು ತೋಟಕ್ಕೆ ಕಟ್ಟಿದ ವಾರವೇ ರಾತ್ರಿಯಿಡೀ ಸುರಿಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದ ಅಪ್ಪಯ್ಯ, "ರಾತ್ರಿ ಎಷ್ಟು ಇಂಚಾಯ್ತೋ ಮಾರಾಯ?" ಎಂದು ಕೇಳಿದರು. ಬಟ್ಟಲಿನ ಎಣಿಕೆ 635ಕ್ಕೆ, ಅಂದರೆ 127 ಮಿಲಿಮೀಟರಿಗೆ, ನಿಂತಿತ್ತು. "ಐದು ಇಂಚು, ಅಪ್ಪಯ್ಯ" ಎಂದೆ. ಗೊನೆಗಳಿಗೆ ಮಳೆ ತಡೆಯುವ ಕೊಟ್ಟೆ (ಹೊದಿಕೆ) ಕಟ್ಟದ ಮರಗಳನ್ನು ನೋಡಿಬರುತ್ತೇನೆಂದು ಅವರು ಕೊಡೆ ಹಿಡಿದು ತೋಟಕ್ಕೆ ಇಳಿದರು.