ತಂತಿಯ ಎಳೆತ, ಬುಡದ ತುಕ್ಕು

ಪೋಲೆಂಡಿನಲ್ಲಿದ್ದ 646 ಮೀಟರ್ ಎತ್ತರದ ವಾರ್ಸಾ ರೇಡಿಯೊ ಸ್ತಂಭವು ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಎತ್ತರದ್ದಾಗಿತ್ತು. 1991ರ ಆಗಸ್ಟ್ 8ರಂದು, ಅದನ್ನು ಹಿಡಿದಿಟ್ಟ ಉಕ್ಕಿನ ತಂತಿಗಳನ್ನು ಬದಲಿಸುತ್ತಿದ್ದ ಹೊತ್ತಿನಲ್ಲೇ ಅದು ಉರುಳಿಬಿತ್ತು. ಇಂಥ ತೆಳ್ಳನೆಯ ಸ್ತಂಭವು ತನ್ನ ಕಾಲಬಲದಿಂದಷ್ಟೇ ನಿಲ್ಲುವುದಿಲ್ಲ. ಸುತ್ತಲಿನ ತಂತಿಗಳ ಸಮನಾದ ಎಳೆತದಲ್ಲಿ ನಿಂತಿರುತ್ತದೆ, ಒಂದು ಬದಿ ಸಡಿಲಗೊಂಡರೆ ಎದುರು ಬದಿಯ ತಂತಿಯೇ ಅದನ್ನು ಬಾಗಿಸಿ ಮುರಿಯುತ್ತದೆ. ದುರಸ್ತಿಯ ದಿನವೇ ಹೆಚ್ಚು ಅಪಾಯದ ದಿನವಾಗುವುದು ಇದರಿಂದಲೇ. ಇಂಗ್ಲೆಂಡಿನ ಎಮ್ಲಿ ಮೂರ್ ಸ್ತಂಭ 1969ರಲ್ಲಿ ಬಿದ್ದಾಗ ಅದರ ತಂತಿಗಳ ಮೇಲೆ ದಪ್ಪಗೆ ಮಂಜುಗಡ್ಡೆ ಕಟ್ಟಿತ್ತು.

ಮುಂಬಯಿಯಲ್ಲಿ ಮಂಜುಗಡ್ಡೆಯ ಭಯವಿಲ್ಲ, ಉಪ್ಪುಗಾಳಿಯಿದೆ. ಮಾಟುಂಗದ ನಮ್ಮ ಕಟ್ಟಡದ ತಾರಸಿಗೆ ಮೊನ್ನೆ ಮೇಲಿನ ಮನೆಯ ಶೆಟ್ಟರೊಡನೆ ಹೋದಾಗ, ಮೊಬೈಲ್ ಟವರಿನ ಬುಡದ ಬೋಲ್ಟೊಂದರ ಸುತ್ತ ತುಕ್ಕು ಪದರು ಪದರಾಗಿ ಎದ್ದು, ಉಗುರು ತಾಗಿದರೆ ಉದುರುವಂತಿತ್ತು. ಮೇಲೆ ನೋಡಿದರೆ ಹಳೆಯ ಆಂಟೆನಾಗಳ ನಡುವೆ ಹೊಸವೂ ಸೇರಿಕೊಂಡಿವೆ. ಅವುಗಳ ತೂಕಕ್ಕಿಂತ, ಅವು ಗಾಳಿಗೆ ಒಡ್ಡುವ ಅಗಲವಾದ ಮೈಯೇ ಟವರಿಗೆ ದೊಡ್ಡ ಹೊರೆ. ಸೊಸೈಟಿಯ ಸಭೆಯಲ್ಲಿ ಟವರಿನ ಬಾಡಿಗೆ ಏರಿಸುವ ಮಾತು ತಪ್ಪದೆ ಬರುತ್ತದೆ (ಅದರಲ್ಲಿ ನಾವೆಲ್ಲರೂ ಬಹಳ ಚುರುಕು!), ಆದರೆ ತಪಾಸಣೆಯ ವರದಿಯನ್ನು ಯಾರೂ ಕೇಳುವುದಿಲ್ಲ. ಮಳೆಗಾಲಕ್ಕೆ ಮೊದಲು ಅದನ್ನು ಲಿಖಿತವಾಗಿ ಕೇಳೋಣವೆಂದು ಶೆಟ್ಟರೂ ಒಪ್ಪಿದ್ದಾರೆ.