ಕೂತವನಲ್ಲ, ಕೂತವಳಲ್ಲ
ನಗರಸಭೆ ಚುನಾವಣೆಯೊಂದಕ್ಕೆ ನಾನು ಬರೆದುಕೊಟ್ಟ ಭಾಷಣದ ಒಂದು ಸಾಲನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಅಭ್ಯರ್ಥಿ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಮಹಿಳೆ. ವಾರ್ಡಿನವರಿಗೆಲ್ಲ ಅವರು ಅಕ್ಕ. ಪ್ರಚಾರಕ್ಕೆ ನಾಲ್ಕೇ ದಿನ ಉಳಿದಿದ್ದರಿಂದ, ಹಿಂದಿನ ಸಲ ಗೆದ್ದಿದ್ದ ಪುರುಷ ಅಭ್ಯರ್ಥಿಯ ಫೈಲನ್ನೇ ತಿದ್ದಿಕೊಡುವಂತೆ ಮ್ಯಾನೇಜರ್ ಸೂಚಿಸಿದರು.

ನನಗೂ ಅದು ಸುಲಭದ ಕೆಲಸವೆನಿಸಿತು. 2000ರಲ್ಲಿ ಮಧ್ಯಪ್ರದೇಶದ ಸೊಹಾಗ್‌ಪುರದಿಂದ ಶಾಸಕಿಯಾದ, ಇದೇ ಸಮುದಾಯದ ಶಬನಮ್ ಮೌಸಿಯಂಥವರು ಹಿಂದಿಯಲ್ಲಿ ಬರಿಯ ‘ಬಂದಿದ್ದೇನೆ’ ಎನ್ನಬೇಕಾದರೂ ಗಂಡಿನ ‘ಆಯಾ ಹೂಂ’, ಹೆಣ್ಣಿನ ‘ಆಯೀ ಹೂಂ’ ಎರಡರಲ್ಲೊಂದನ್ನು ಆರಿಸಿಕೊಳ್ಳಲೇಬೇಕು. ಕನ್ನಡದ ‘ಬಂದಿದ್ದೇನೆ’ಗೆ ಆ ತೊಡಕಿಲ್ಲ. (‘ನಾನು’ ಎನ್ನುವುದಕ್ಕೆ ವ್ಯಾಕರಣ ‘ಉತ್ತಮ ಪುರುಷ’ ಎಂದು ಹೆಸರಿಟ್ಟಿರುವುದು ಬೇರೆ ಮಾತು.) ಆದ್ದರಿಂದ ‘ಮನೆ ಮಗ’ನನ್ನು ‘ಮನೆ ಮಗಳು’ ಮಾಡಿ, ‘ಕೈಮುಗಿದು’ ಇದ್ದಲ್ಲಿ ‘ಸೆರಗೊಡ್ಡಿ’ ಎಂದು ಬರೆದು, ‘ವನು’ಗಳನ್ನೆಲ್ಲ ‘ವಳು’ ಮಾಡಿದೆ. ಹಳೆಯ ಫೈಲು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಅಕ್ಷರಗಳಲ್ಲಿತ್ತು. ಯೂನಿಕೋಡಿಗೆ ಹಾಕಿದೊಡನೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅವನ್ನು ಸರಿಪಡಿಸುವುದರಲ್ಲೇ ರಾತ್ರಿ ಎರಡು ಗಂಟೆಯಾಯಿತು.

ಮರುಸಂಜೆ ನೀರಿನ ಟ್ಯಾಂಕಿನ ಪಕ್ಕದಲ್ಲಿ ಸಭೆ. ಅಕ್ಕ ಚೆನ್ನಾಗಿಯೇ ಓದುತ್ತಿದ್ದರು. ಎರಡನೆಯ ಪುಟದಲ್ಲಿ ‘ನಾನೇನು ಕೈಗೆ ಬಳೆ ತೊಟ್ಟು ಮನೆಯಲ್ಲಿ ಕೂತವಳಲ್ಲ’ ಎಂಬ ಸಾಲಿತ್ತು. ‘ಬಳೆ’ ಎಂದವರೇ ನಿಂತುಬಿಟ್ಟರು. ಕಾಗದ ಹಿಡಿದ ಕೈಯಲ್ಲಿ ಒಂದು ಡಜನ್ ಹಸಿರು ಗಾಜಿನ ಬಳೆಗಳಿದ್ದವು. ಕೈ ಮೈಕಿನ ಹತ್ತಿರವೇ ಇದ್ದುದರಿಂದ ಅವುಗಳ ಸದ್ದು ಸ್ಪೀಕರಿನಿಂದ ಇಡೀ ಬೀದಿಗೆ ಕೇಳಿಸಿತು. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ‘ಕೂತವನಲ್ಲ’ ಎಂಬುದನ್ನು ಅಷ್ಟು ಜಾಗರೂಕತೆಯಿಂದ ತಿದ್ದಿದ ನನಗೆ, ಅದೇ ಸಾಲಿನಲ್ಲಿದ್ದ ಬಳೆ ಕಂಡಿರಲಿಲ್ಲ. ಕರೆಂಟಾದರೂ ಹೋಗಬಾರದೇ ಎಂದು ವೇದಿಕೆಯ ಮೆಟ್ಟಿಲ ಬಳಿ ನಿಂತು ಬೇಡಿಕೊಂಡೆ, ಹೋಗಲಿಲ್ಲ. ಅವರು ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಚರಂಡಿಯ ಬಗ್ಗೆ ತಮ್ಮದೇ ಮಾತಿನಲ್ಲಿ ಹತ್ತು ನಿಮಿಷ ಮಾತನಾಡಿ ಇಳಿದರು.

‘ಈ ಬಳೆ ತೊಟ್ಟಿದ್ದಕ್ಕೇ ಸರ್, ನನ್ನನ್ನ ಮನೆಯಿಂದ ಆಚೆ ಹಾಕಿದ್ದು. ನೀವು ನೋಡಿದರೆ ಅದನ್ನ ಕೈಲಾಗದವರ ಗುರುತು ಮಾಡಿದ್ದೀರಿ’ ಎಂದರು ಕಾರಿನಲ್ಲಿ. ಸ್ವಲ್ಪ ಹೊತ್ತಾದ ಮೇಲೆ, ‘ಮನೆ ಮಗಳು ಅಂತ ಬರೆದಿದ್ದೀರಲ್ಲ, ಅದು ಇರಲಿ’ ಎಂದರು. ನಾನು ಅಳಿಸಬೇಕೆಂದುಕೊಂಡಿದ್ದು ಅದನ್ನೇ.

ಆ ರಾತ್ರಿ ಫೈಲನ್ನು ಮತ್ತೆ ತೆರೆದೆ. ತೊಡೆ ತಟ್ಟುವುದು, ಮೀಸೆ ತಿರುವುವುದು, ಗಂಡೆದೆ: ಸವಾಲು ಹಾಕುವ ಮಾತುಗಳೆಲ್ಲ ಗಂಡಿನ ಮೈಯಿಂದ ಬಂದವು. ಹೆಣ್ಣಿಗೆಂದು ನಾನು ಸೇರಿಸಿದ್ದ ಸೆರಗು, ಮಡಿಲು, ಕಣ್ಣೀರು ಮೂರೂ ಬೇಡುವುದಕ್ಕೇ ಇದ್ದವು. ಅಕ್ಕ ಚರಂಡಿಯ ಬಗ್ಗೆ ಆಡಿದ ಮಾತಿನಲ್ಲಿ ಇವು ಯಾವುವೂ ಇರಲಿಲ್ಲ.

ಮ್ಯಾನೇಜರ್ ‘ಪ್ರೂಫ್ ಸರಿಯಾಗಿ ನೋಡಿ’ ಎಂದು ಮೇಲ್ ಹಾಕಿ ಸುಮ್ಮನಾದರು. ಚುನಾವಣಾ ಆಯೋಗ ಮತದಾರರ ಪಟ್ಟಿಯಲ್ಲಿ ‘ಇತರೆ’ ಎಂದು ನಮೂದಿಸಲು 2009ರಲ್ಲೇ ಒಪ್ಪಿದೆ. ನಮ್ಮ ಕ್ಲೈಂಟ್ ಫಾರಂನಲ್ಲಿ ಮಾತ್ರ ಇವತ್ತಿಗೂ ಎರಡೇ ಚೌಕಗಳಿವೆ. ಮೂರನೆಯದನ್ನು ಸೇರಿಸಿದರೆ ಟೆಂಪ್ಲೇಟಿನ ಅಲೈನ್‌ಮೆಂಟ್ ಕೆಡುತ್ತದಂತೆ.